ಬೈದಿದ್ದಕ್ಕೇ ಅಂಕ ಏರಿತೇ?

ಏಳನೇ ತರಗತಿಯ ಹುಡುಗಿಯೊಬ್ಬಳ ಗಣಿತದ ಅಂಕಗಳನ್ನು ಕಲ್ಪಿಸಿಕೊಳ್ಳಿ. ವರ್ಷಕ್ಕೆ ಆರು ಪರೀಕ್ಷೆ: ನಾಲ್ಕು ಎಫ್‌ಎ, ಎರಡು ಎಸ್‌ಎ. ಎಲ್ಲವನ್ನೂ ನೂರಕ್ಕೆ ಲೆಕ್ಕ ಹಾಕಿದರೆ 72, 78, 91, 76, 70, 81. ತೊಂಬತ್ತೊಂದು ಬಂದ ದಿನ ಮನೆಯಲ್ಲಿ ಜಾಮೂನು. ಎಪ್ಪತ್ತಾರಕ್ಕೆ ಅಪ್ಪನ ಮುಖ ಸಣ್ಣಗಾಯಿತು. ಎಪ್ಪತ್ತು ಬಂದಾಗ ಬೈಗುಳದ ಜೊತೆಗೆ ಟಿವಿ, ಮೊಬೈಲು ಎರಡೂ ಬಂದ್. ಮುಂದಿನ ಸಲ ಎಂಬತ್ತೊಂದು! "ನೋಡಿದ್ಯಾ? ಹೊಗಳಿದ್ರೆ ಜಾರ್ತಾಳೆ, ಬೈದ್ರೆ ಓದ್ತಾಳೆ" ಎಂದು ಅಪ್ಪ ಅಮ್ಮನ ಮುಂದೆ ಬೀಗುತ್ತಾರೆ.

ಇಂಥದೇ ಮಾತನ್ನು ಇಸ್ರೇಲಿ ವಾಯುಪಡೆಯ ಅನುಭವಿ ತರಬೇತುದಾರರೊಬ್ಬರು ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರಿಗೆ ಹೇಳಿದ್ದರು: ವಿಮಾನ ಚೆನ್ನಾಗಿ ಹಾರಿಸಿದವನನ್ನು ಮೆಚ್ಚಿದರೆ ಮರುಸಲ ಕೆಡಿಸುತ್ತಾನೆ, ಕೆಡಿಸಿದವನಿಗೆ ಗದರಿದರೆ ಸುಧಾರಿಸುತ್ತಾನೆ. ಕಾನೆಮನ್ ವಾದಕ್ಕೆ ಇಳಿಯಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಅದಕ್ಕೆ ಬೆನ್ನು ಮಾಡಿ ನಿಂತು ಎರಡೆರಡು ನಾಣ್ಯ ಎಸೆಯುವಂತೆ ಅಲ್ಲಿದ್ದವರಿಗೆಲ್ಲ ಹೇಳಿದರು. ಮೊದಲ ಎಸೆತ ಗುರುತಿನ ಹತ್ತಿರ ಬಿದ್ದವರಲ್ಲಿ ಹೆಚ್ಚಿನವರ ಎರಡನೆಯದು ದೂರ ಹೋಯಿತು. ಮೊದಲು ದೂರ ಎಸೆದವರಲ್ಲಿ ಹೆಚ್ಚಿನವರು ಹತ್ತಿರ ಬಂದರು. ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದಿರಲಿಲ್ಲ.

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ 'ಸರಾಸರಿಯತ್ತ ಮರಳುವಿಕೆ' ಎನ್ನುತ್ತಾರೆ. ಇದನ್ನು ಜಗತ್ತಿಗೆ ತೋರಿಸಿದ್ದೂ ಅಪ್ಪ-ಅಮ್ಮ-ಮಕ್ಕಳ ಲೆಕ್ಕವೇ. 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ, ಅವರ ಬೆಳೆದ 928 ಮಕ್ಕಳ ಎತ್ತರವನ್ನು ಹೋಲಿಸಿದ. ತುಂಬ ಎತ್ತರದವರ ಮಕ್ಕಳು ಎತ್ತರವೇ ಇದ್ದರು, ಆದರೆ ಸರಾಸರಿಯಾಗಿ ಹೆತ್ತವರಷ್ಟಲ್ಲ. ಗಿಡ್ಡ ದಂಪತಿಗಳ ಮಕ್ಕಳು ಹೆತ್ತವರಿಗಿಂತ ತುಸು ಉದ್ದ.

ಅಂಕಕ್ಕೂ ಇದೇ ನಿಯಮ. ಉತ್ತರಪತ್ರಿಕೆಯಲ್ಲಿ ಕಲಿಕೆ ಇರುತ್ತದೆ, ಅದರ ಜೊತೆಗೆ ಆ ದಿನದ ಅದೃಷ್ಟವೂ ಇರುತ್ತದೆ: ನಿನ್ನೆ ರಾತ್ರಿ ಓದಿದ ಲೆಕ್ಕವೇ ಬಂದದ್ದು, ಅವಸರದಲ್ಲಿ ಬಿಟ್ಟುಹೋದ ಮೈನಸ್ ಚಿಹ್ನೆ, ನೆಗಡಿ, ನಿದ್ದೆ. ಅದೃಷ್ಟಗಳೆಲ್ಲ ಒಟ್ಟಿಗೆ ಕೂಡಿಬಂದ ದಿನ 91, ಎಲ್ಲವೂ ಕೈಕೊಟ್ಟ ದಿನ 70. ಅಂಥ ದಿನ ಬೆನ್ನುಬೆನ್ನಿಗೆ ಬರುವುದು ಅಪರೂಪ. ನಾವು ಹೊಗಳುವುದು ಶಿಖರದಲ್ಲಿ, ಬೈಯುವುದು ಕಣಿವೆಯಲ್ಲಿ. ಹಾಗಾಗಿ ತಾನಾಗಿಯೇ ಆಗುವ ಏರಿಳಿತದ ಕೀರ್ತಿ ಬೈಗುಳಕ್ಕೆ, ಅಪಕೀರ್ತಿ ಜಾಮೂನಿಗೆ.

ತೊಂದರೆ ಇಲ್ಲಿಗೇ ನಿಲ್ಲುವುದಿಲ್ಲ. ಈ ಹುಡುಗಿಯ ಸರಾಸರಿ 78, ಆದರೆ ಮನೆಯವರ ಆಸೆ 91ಕ್ಕೇ ಅಂಟಿಕೊಂಡಿರುತ್ತದೆ. ಜರ್ಮನಿಯ ಬವೇರಿಯಾದಲ್ಲಿ ಸುಮಾರು 3,500 ವಿದ್ಯಾರ್ಥಿಗಳನ್ನೂ ಅವರ ಹೆತ್ತವರನ್ನೂ ವರ್ಷಗಟ್ಟಲೆ ಗಮನಿಸಿದ ಕೋ ಮುರಯಾಮಾ ಮತ್ತು ಸಂಗಡಿಗರ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಗುವಿಗೆ ಗಣಿತದಲ್ಲಿ ಎಂಥ ದರ್ಜೆ ಬರಲಿ ಎಂಬ ಆಸೆಯನ್ನೂ, ಎಂಥದು ಬಂದೀತು ಎಂಬ ಅಂದಾಜನ್ನೂ ಅವರು ಹೆತ್ತವರಿಗೆ ಬೇರೆ ಬೇರೆ ಪ್ರಶ್ನೆಗಳಾಗಿ ಕೇಳಿದ್ದರು. ಹೆತ್ತವರ ಆಸೆ ದೊಡ್ಡದಿದ್ದಲ್ಲಿ ಮಕ್ಕಳ ಕಲಿಕೆಯೂ ಮುಂದುವರಿದಿತ್ತು. ಆದರೆ ಆಸೆ ತಮ್ಮದೇ ಅಂದಾಜನ್ನು ಮೀರಿದಲ್ಲಿ ಕಲಿಕೆ ಹಿಂದೆ ಬಿದ್ದಿತ್ತು.

ಹಾಗೆಂದು 78 ಹಣೆಬರಹವಲ್ಲ. ನಾಲ್ಕಾರು ಪರೀಕ್ಷೆಗಳ ಸರಾಸರಿಯೇ ಮೇಲೇರಿದರೆ ಮಗು ನಿಜಕ್ಕೂ ಕಲಿತಿದೆ ಎಂದು ನಂಬಬಹುದು. ಬೈಗುಳದಿಂದ ಎಂದೂ ಪರಿಣಾಮವೇ ಆಗದು ಎಂದೂ ಅಲ್ಲ. 70ರ ನಂತರ 81 ಬಂದದ್ದು ಅದಕ್ಕೆ ಸಾಕ್ಷಿಯಾಗದು, ಅಷ್ಟೇ.

ಮುಂದಿನ ಸಲ ಅಂಕ ಕುಸಿದರೆ ಹಿಂದಿನ ಉತ್ತರಪತ್ರಿಕೆಗಳನ್ನೂ ಪಕ್ಕದಲ್ಲಿ ಹರಡಿಕೊಳ್ಳಿ. ಒಂದೊಂದರಲ್ಲಿ ಒಂದೊಂದು ಕಡೆ ಅಂಕ ಹೋಗಿದ್ದರೆ ಅದು ಬಹುಮಟ್ಟಿಗೆ ಆ ದಿನದ ಏರುಪೇರು. ಆದರೆ ಎಲ್ಲದರಲ್ಲೂ ಭಿನ್ನರಾಶಿಯ ಲೆಕ್ಕವೇ ತಪ್ಪಿದ್ದರೆ? ಅದೃಷ್ಟ ಪ್ರತಿ ಸಲವೂ ಒಂದೇ ಅಧ್ಯಾಯದಲ್ಲಿ ಕೈಕೊಡುವುದಿಲ್ಲ. ಟಿವಿ ಬಂದ್ ಮಾಡುವ ಬದಲು ಆ ಸಂಜೆ ಭಿನ್ನರಾಶಿ ಹೇಳಿಕೊಡಿ.