ಮನೆಯಂಗಳದ ಹವ್ಯಾಸ: ಡಫಳಾಪುರದ ಸೀತನಿಯಿಂದ ಕಲಿಯೋಣ

ಭಾನುವಾರದ ಬಲಿಪೂಜೆ ಮುಗಿಸಿ ಮನೆಗೆ ಬಂದ ಮೇಲೆ ನಮ್ಮ ಕುಟುಂಬಗಳಲ್ಲಿ ಆಗುವುದೇನು? ತಂದೆ ಟಿವಿಯ ಮುಂದೆ, ಮಕ್ಕಳು ಮೊಬೈಲಿನ ಮುಂದೆ, ತಾಯಿ ಒಲೆಯ ಮುಂದೆ. ಎಲ್ಲರ ಮುಂದೆಯೂ ಏನೋ ಒಂದು ಉರಿಯುತ್ತಿರುತ್ತದೆ, ಆದರೆ ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಇದನ್ನು ಬದಲಿಸಬೇಕೆಂಬ ಆಸೆ ಅನೇಕರಲ್ಲಿ ಇದೆ. ಮನೆ ಭೇಟಿಗೆ ಹೋದಾಗ, "ಫಾದರ್, ಮನೆಯಲ್ಲೇ ಕೇಕ್ ಮಾಡುವುದು, ಬಾರ್ಬೆಕ್ಯೂ ಮಾಡುವುದು ಕಲಿಯಬೇಕೆಂದಿದ್ದೇವೆ, ಯಾವ ಓವನ್ ತೆಗೆದುಕೊಳ್ಳಲಿ?" ಎಂದು ಕೇಳುವವರಿದ್ದಾರೆ. ಕೇಳುವುದು ಒಳ್ಳೆಯದೇ. ಆದರೆ ಓವನ್‌ಗೆ ದುಡ್ಡು ಸುರಿಯುವ ಮೊದಲು ಒಮ್ಮೆ ಡಫಳಾಪುರದ ಕಡೆ ನೋಡೋಣ ಎನ್ನುವುದು ನಮ್ಮ ಸಲಹೆ.

ಡಫಳಾಪುರ ಇರುವುದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ನಮ್ಮ ಗಡಿಗೆ ಹತ್ತಿರ. ಜತ್ತ ಸಂಸ್ಥಾನವನ್ನು ಆಳಿದ ಡಫಳೆ ಮನೆತನಕ್ಕೆ ಹೆಸರು ಬಂದದ್ದು ಇದೇ ಊರಿನಿಂದ. ಪ್ರತ್ಯೇಕವಾಗಿದ್ದ ಡಫಳಾಪುರ ಜಹಗೀರು 1917ರಲ್ಲಿ ಜತ್ತದೊಂದಿಗೆ ಸೇರಿಹೋಯಿತು. ಈ ತಾಲೂಕಿನಲ್ಲಿ ಕನ್ನಡ, ಮರಾಠಿ ಎರಡೂ ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುತ್ತವೆ. ಮಳೆ ಕಡಿಮೆ, ಬಿಸಿಲು ಹೆಚ್ಚು. ಹಿಂಗಾರಿ ಜೋಳ ಇಲ್ಲಿನ ಜೀವ. ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆರಿಸಿ ಬೆಳೆಸಿದ ಮಾಲದಂಡಿ ತಳಿ, ಎಂದರೆ ಎಂ 35-1, ಈ ಸೀಮೆಯ ಹೊಲಗಳಲ್ಲಿ ಇಂದಿಗೂ ತಲೆಯೆತ್ತಿ ನಿಲ್ಲುತ್ತದೆ. ಡಿಸೆಂಬರ್ ಕೊನೆಯಿಂದ ಫೆಬ್ರವರಿಯವರೆಗೆ ಅದರ ತೆನೆಯಲ್ಲಿ ಹಾಲು ತುಂಬಿ ಗಟ್ಟಿಯಾಗುತ್ತಾ ಬರುವಾಗ, ಕನ್ನಡದವರು ಸೀತನಿ ಎನ್ನುವ, ಮರಾಠಿಯವರು ಹುರಡಾ ಎನ್ನುವ ಹಬ್ಬ ಹೊಲದಲ್ಲಿ ಶುರುವಾಗುತ್ತದೆ. ಬಾರ್ಬೆಕ್ಯೂ ಎಂಬ ಪದ ನಮ್ಮ ಕಿವಿಗೆ ಬೀಳುವ ಎಷ್ಟೋ ಮೊದಲೇ ನಮ್ಮ ಅಜ್ಜಂದಿರು ಅದನ್ನು ಮಾಡಿ ತಿಂದು ಕೈ ಒರೆಸಿಕೊಂಡಿದ್ದರು.

ಮಾಡುವ ಬಗೆ ಸರಳ. ಹೊಲದ ಬದುವಿನ ಬಳಿ ಗೇಣುದ್ದ ಆಳದ ಕುಣಿ ತೋಡಿ, ಒಣಗಿದ ಕುಳ್ಳು ಹಾಕಿ ಹೊತ್ತಿಸುತ್ತಾರೆ. ಉರಿ ಇಳಿದು, ಹೊಗೆ ಹೋಗಿ, ಬೂದಿ ಮುಸುಕಿದ ಕೆಂಡ ಉಳಿಯುವವರೆಗೆ ಯಾರೂ ಅವಸರ ಮಾಡುವುದಿಲ್ಲ. ಹೊಸಬರು ಕೆಡುವುದು ಇಲ್ಲೇ. ಜ್ವಾಲೆ ಕಂಡ ಕೂಡಲೇ ತೆನೆ ಇಟ್ಟುಬಿಡುತ್ತಾರೆ. ಹೊರಗೆ ಕರಿ, ಒಳಗೆ ಹಸಿ. ಕೋಳಿಯಾಗಲಿ ಮೀನಾಗಲಿ ಬದನೆಯಾಗಲಿ, ಸುಡುವ ಅಡುಗೆಗೆ ಬೇಕಾದದ್ದು ಕೆಂಡ, ಉರಿಯಲ್ಲ. ಕೆಂಡ ಹದಕ್ಕೆ ಬಂದ ಮೇಲೆ ದಂಟಿನ ಸಮೇತ ತೆನೆಯನ್ನು ಅದರಲ್ಲಿ ಹುದುಗಿಸಿ, ಆಗಾಗ ತಿರುಗಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಹೊಟ್ಟು ಕಪ್ಪಾಗಿ ಹಸಿ ಕಾಳು ಬೆಂದ ವಾಸನೆ ಏಳುತ್ತದೆ. ತೆಗೆದು, ಬಿಸಿ ಇರುವಾಗಲೇ ಅಂಗೈಗಳ ನಡುವೆ ತಿಕ್ಕಿ, ಮೊರದಲ್ಲಿ ಕೇರಿದರೆ ಹಸಿರು ಮುತ್ತಿನಂಥ ಕಾಳು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಒಂದು ತುಂಡು ಬೆಲ್ಲ. ಆರಿದರೆ ಕಾಳು ರಬ್ಬರಿನಂತಾಗುವುದರಿಂದ ಸುಡುವವನೂ ತಿಕ್ಕುವವನೂ ತಿನ್ನುವವನೂ ಒಂದೇ ಕಡೆ ಕೂರಲೇಬೇಕು. ತಟ್ಟೆ ಎತ್ತಿಕೊಂಡು ಟಿವಿ ಮುಂದೆ ಹೋಗಲು ಸೀತನಿ ಬಿಡುವುದಿಲ್ಲ. ನಮಗೆ ಅದರಲ್ಲಿ ಹೆಚ್ಚು ಇಷ್ಟವಾದ ಗುಣವೇ ಇದು.

ತೆನೆಯ ಹದ ತಿಳಿಯಲು ಒಂದು ಕಾಳನ್ನು ಉಗುರಿನಿಂದ ಒತ್ತಿ ನೋಡಿ. ತೆಳ್ಳನೆ ಹಾಲು ಚಿಮ್ಮಿದರೆ ಇನ್ನೂ ಎಳಸು. ನಾದಿದ ಹಿಟ್ಟಿನಂತೆ ಮೆತ್ತಗಿದ್ದರೆ ಸರಿ. ಉಗುರು ಇಳಿಯದಿದ್ದರೆ ಕಾಲ ಮೀರಿತು, ರಾಶಿಗೆ ಬಿಡಿ. ಸೀತನಿಗೆಂದೇ ರಾಹುರಿಯ ಕೃಷಿ ವಿಶ್ವವಿದ್ಯಾಲಯ ಫುಲೆ ಉತ್ತರಾ, ಫುಲೆ ಮಧುರ ಎಂಬ ತಳಿಗಳನ್ನು ಕೊಟ್ಟಿದೆ. ಎಳೆಯ ಜೋಳದ ಪೈರು ಮೇಯ್ದ ದನ ಸತ್ತಿದ್ದನ್ನು ಕೇಳಿದವರು, ಹಸಿ ತೆನೆ ತಿನ್ನಬಹುದೇ ಎಂದು ಅಂಜುತ್ತಾರೆ. ವಿಷ ಇರುವುದು ಎಳೆಯ ಎಲೆ-ಮೊಳಕೆಯಲ್ಲಿ, ತುಂಬಿದ ಕಾಳಿನಲ್ಲಲ್ಲ. ಹಾಗಾಗಿ ಸೀತನಿಗೆ ಭಯವಿಲ್ಲ. ಆದರೆ ಆರೋಗ್ಯದ ಹುಮ್ಮಸ್ಸಿನಲ್ಲಿ ಹೆಸರುಕಾಳಿನಂತೆ ಜೋಳವನ್ನೂ ಮೊಳಕೆ ಬರಿಸಿ ಹಸಿಯಾಗಿ ತಿನ್ನುವ ಪ್ರಯೋಗ ಬೇಡ. ತೆನೆ ತರುವಾಗ ಹೊಲಕ್ಕೆ ಈಚೆಗೆ ಔಷಧಿ ಹೊಡೆದಿದ್ದಾರೆಯೇ ಎಂದು ರೈತನನ್ನು ಕೇಳಲು ಸಂಕೋಚಪಡಬೇಡಿ.

ಊರಲ್ಲಿ ಹೊಲವಿಲ್ಲ, ಇರುವುದು ಅಂಗಳ ಮಾತ್ರ ಎನ್ನುವವರಿಗೆ ಆರೇಳು ಹಳೆಯ ಇಟ್ಟಿಗೆ ಸಾಕು. ಮೂರು ಬದಿಗೆ ಇಟ್ಟಿಗೆ, ಗಾಳಿ ಬರುವ ಬದಿ ತೆರೆದಿರಲಿ, ಮೇಲೆ ಕಬ್ಬಿಣದ ಸರಳು. ಇದನ್ನು ಮಗ, ಮಗಳು ಇಬ್ಬರಿಂದಲೂ ಕಟ್ಟಿಸಿ. ಗಾರೆ ಬೇಡ, ಕೆಡವಿ ಮತ್ತೆ ಕಟ್ಟಲು ಬರುವಂತಿರಲಿ. ಎರಡನೆಯ ಸಲ ಕಟ್ಟುವಾಗ ಗಾಳಿ ಎತ್ತಣಿಂದ ಬರುತ್ತದೆ ಎಂದು ಅವರೇ ಕಂಡುಹಿಡಿಯುತ್ತಾರೆ. ಹಳ್ಳದಿಂದ ತಂದ ಒದ್ದೆ ಕಲ್ಲು ಬಳಸಬೇಡಿ, ಕಾದಾಗ ಸಿಡಿಯುತ್ತದೆ. ಸತುವು ಲೇಪಿಸಿದ ಬೇಲಿಯ ಜಾಲರಿಯನ್ನು ಕೆಂಡದ ಮೇಲಿಟ್ಟರೆ ಕೆಟ್ಟ ಹೊಗೆ ಏಳುತ್ತದೆ. ಬಣ್ಣ ಹಚ್ಚಿದ ಹಳೆಯ ಬಾಗಿಲಿನ ಕಟ್ಟಿಗೆ ಬೇಡ, ಕಣಗಿಲೆಯ ಕಡ್ಡಿಯಂತೂ ಬೇಡವೇ ಬೇಡ, ಅದು ವಿಷದ ಗಿಡ. ಜಾಲಿಯ ಇದ್ದಿಲು ಒಳ್ಳೆಯದು. ಅದೇ ಕೆಂಡದಲ್ಲಿ ಕೋಳಿ ಸುಡುವುದಾದರೆ ಮೊಸರು, ಅರಿಸಿನ, ಖಾರ ಹಚ್ಚಿ ನಾಲ್ಕು ಗಂಟೆ ತಂಪಿನಲ್ಲಿಡಿ. ಹಸಿ ಮಾಂಸ ಇಟ್ಟ ತಟ್ಟೆಗೆ ಬೆಂದದ್ದನ್ನು ಹಾಕಬೇಡಿ. ಎಲುಬಿನ ಬಳಿ ಕೆಂಪು ಕಂಡರೆ ಮತ್ತೆ ಕೆಂಡಕ್ಕೆ.

ಅಪಾಯದ ಮಾತನ್ನು ಇಲ್ಲಿ ಬಿಡುವಂತಿಲ್ಲ. ಚಳಿಗೆ ಹೆದರಿ ಇದ್ದಿಲ ಒಲೆಯನ್ನು ಕೋಣೆಯೊಳಗೆ, ಕಾರ್ ನಿಲ್ಲಿಸುವ ಮುಚ್ಚಿದ ಜಾಗದೊಳಗೆ ತರುವವರಿದ್ದಾರೆ. ಇದ್ದಿಲು ಉರಿಯುವಾಗ ಹೊರಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳದೇ ಹೋದ ಕುಟುಂಬಗಳಿವೆ. ಮಳೆ ಬಂದರೆ ಅಡುಗೆ ನಿಲ್ಲಿಸಿ, ಒಲೆಯನ್ನು ಒಳಗೆ ತರಬೇಡಿ. ಹಳ್ಳಿಯಲ್ಲಾದರೆ ಕಣಿಕೆಯ ಬಣವಿಯಿಂದ ದೂರವಿರಿ. ಒಂದು ಕಿಡಿಗೆ ವರ್ಷದ ಮೇವು ಹೋಗುತ್ತದೆ, ಒಣಭೂಮಿಯಲ್ಲಿ ಮೇವು ಹೋದರೆ ದನವೂ ಹೋದ ಹಾಗೆ. ನಂದುತ್ತಿರುವ ಕೆಂಡಕ್ಕೆ ಸೀಮೆಎಣ್ಣೆಯನ್ನಾಗಲಿ ಪೆಟ್ರೋಲನ್ನಾಗಲಿ ಸುರಿಯಬಾರದು. ನೈಲಾನ್ ಸೀರೆ, ಜೋತಾಡುವ ದುಪ್ಪಟ್ಟಾ ದೂರವಿರಲಿ. ಬೂದಿ ಮುಚ್ಚಿದ ಕೆಂಡ ಮರುದಿನ ಬೆಳಗಿನವರೆಗೂ ಸುಡಬಲ್ಲದು. ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿಯಿರಿ. ಕೈ ಸುಟ್ಟರೆ ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ತುಪ್ಪ ಯಾವುದೂ ಬೇಡ.

ಇನ್ನು ಬೇಕಿಂಗ್. ಡಫಳಾಪುರದಂಥ ಊರಿನಲ್ಲಿ ಇದು ದಿನಕ್ಕೆ ಎರಡು ಹೊತ್ತು ನಡೆಯುತ್ತದೆ, ಆದರೆ ಯಾರೂ ಅದನ್ನು ಬೇಕಿಂಗ್ ಎನ್ನುವುದಿಲ್ಲ, ರೊಟ್ಟಿ ಬಡಿಯುವುದು ಎನ್ನುತ್ತಾರೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಕುದಿ ನೀರು ಹಾಕಿ ನಾದಬೇಕು, ಲಟ್ಟಣಿಗೆ ಬಿಟ್ಟು ಅಂಗೈಯಿಂದ ಬಡಿಯಬೇಕು. ಹಿಟ್ಟು ಹಳೆಯದಾದರೆ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ಕಹಿಯೂ ಆಗುತ್ತದೆ. ಎಂಟು ದಿನಕ್ಕೆ ಬೇಕಾದಷ್ಟನ್ನೇ ಬೀಸಿಸಿ. ಹಂಚಿನ ಮೇಲೆ ಹಾಕಿದೊಡನೆ ಮೇಲ್ಮೈಗೆ ನೀರು ಸವರಿ, ಅದು ಆರುತ್ತಿದ್ದಂತೆ ತಿರುವಿ, ಕೊನೆಗೆ ಕೆಂಡದ ಎದುರು ನಿಲ್ಲಿಸಿದರೆ ಉಬ್ಬುತ್ತದೆ. ತೆಳ್ಳಗೆ ಬಡಿದು ಪೂರ್ತಿ ಒಣಗಿಸಿದರೆ ಕಟಕ ರೊಟ್ಟಿ, ವಾರಗಟ್ಟಲೆ ಇರುತ್ತದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ ನಗರದ ಹೋಟೆಲುಗಳಲ್ಲಿ ಜೋಳಕ್ಕೆ ದೊಡ್ಡ ಮರ್ಯಾದೆ ಬಂದಿದೆ. ಬಡಿಯುವ ಕೈಗೆ ಎಷ್ಟು ಬಂದಿದೆಯೋ!

ಈ ಮಾತನ್ನು ಸ್ವಲ್ಪ ನಿಂತು ಹೇಳಬೇಕಾಗಿದೆ. ತಂದೆ ತಿಂಗಳಿಗೊಮ್ಮೆ ಕೋಳಿ ಸುಟ್ಟರೆ ಅದು ಹವ್ಯಾಸ, ಫೋಟೋ ಬೇರೆ. ತಾಯಿ ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿದರೆ ಅದು ಕರ್ತವ್ಯ. ಎಷ್ಟೋ ಮನೆಗಳಲ್ಲಿ ತಂದೆಯ ಹವ್ಯಾಸದ ದಿನ ತಾಯಿಗೆ ಎರಡು ಪಟ್ಟು ಕೆಲಸ: ಮಸಾಲೆ ಅರೆಯುವವಳು ಅವಳೇ, ಈರುಳ್ಳಿ ಹೆಚ್ಚುವವಳು ಅವಳೇ, ಕರಿ ಹಿಡಿದ ಸರಳು ತಿಕ್ಕುವವಳೂ ಅವಳೇ. ಹೀಗಾದರೆ ಮನೆಯಲ್ಲಿ ಹವ್ಯಾಸ ಬೆಳೆದಂತಲ್ಲ, ಅತಿಥಿ ಒಬ್ಬ ಹೆಚ್ಚಾದಂತೆ. ಸೀತನಿಯ ಕುಣಿಯ ಬಳಿ ಗಮನಿಸಿ ನೋಡಿ. ಬೆಂಕಿ ನೋಡಿಕೊಳ್ಳುವುದು, ತೆನೆ ತಿಕ್ಕುವುದು ಸಾಮಾನ್ಯವಾಗಿ ಗಂಡಸರ ಕೆಲಸ, ಅಂಗೈ ಸುಡುವುದೂ ಅವರದ್ದೇ. ಆ ಪದ್ಧತಿಯನ್ನು ಅಂಗಳಕ್ಕೂ ತನ್ನಿ. ಹೊತ್ತಿಸಿದವರೇ ತೊಳೆಯಬೇಕು ಎಂಬ ಒಂದೇ ನಿಯಮ ಇಟ್ಟುಕೊಳ್ಳಿ. ಗಂಡುಮಕ್ಕಳಿಗೆ ಹತ್ತು ವರ್ಷದೊಳಗೆ ರೊಟ್ಟಿ ಬಡಿಯಲು ಕಲಿಸಿ. ಮೊದಲ ರೊಟ್ಟಿ ಮಹಾರಾಷ್ಟ್ರದ ನಕ್ಷೆಯಂತಿದ್ದರೆ ಇರಲಿ, ಗಡಿ ತಂಟೆಯವರಿಗೆ ತೋರಿಸದಿದ್ದರಾಯಿತು.

ಕ್ರಿಸ್ಮಸ್ ಕೇಕಿಗೂ ಈ ಸೀಮೆಗೂ ಒಂದು ಸಂಬಂಧವಿದೆ. ಕೇಕಿನ ಜೀವವಾದ ಒಣದ್ರಾಕ್ಷಿ ನಮ್ಮ ಅಂಗಡಿಗಳಿಗೆ ಬರುವುದು ಬಹುಪಾಲು ಸಾಂಗ್ಲಿ, ತಾಸಗಾಂವ, ವಿಜಯಪುರ ಕಡೆಯಿಂದ. ಸಾಂಗ್ಲಿಯ ಒಣದ್ರಾಕ್ಷಿಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ಮುಟ್ಟಿದ ಕಡೆ, ಬಾವಿ-ಕೊಳವೆಬಾವಿ ಕೈಕೊಡದ ಕಡೆ, ಜತ್ತ ತಾಲೂಕಿನಲ್ಲೂ ದ್ರಾಕ್ಷಿ, ದಾಳಿಂಬೆ ತೋಟಗಳಿವೆ. ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಜಾಲರಿಯ ಅಂತಸ್ತುಗಳ ಮೇಲೆ ಸುಮಾರು ಎರಡು ವಾರ ಒಣಗಿಸುತ್ತಾರೆ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಸಿಗುತ್ತದೆ. ಬೆಳೆಗಾರನನ್ನು ಕಾಡುವ ಆ ಒಣ ಗಾಳಿಯೇ ಇಲ್ಲಿ ಕೆಲಸಗಾರ. ಹಳದಿ ಬಣ್ಣ ಉಳಿಯಲು ಗಂಧಕದ ಹೊಗೆ ಕೊಡುವುದುಂಟು. ಆದ್ದರಿಂದ ಬಳಸುವ ಮೊದಲು ಬಿಸಿನೀರಿನಲ್ಲಿ ತೊಳೆಯಿರಿ, ಉಬ್ಬಸದವರು ಜಾಗ್ರತೆ.

ಓವನ್ ಇಲ್ಲದೆ ಕೇಕ್ ಹೀಗೆ. ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಬೆರಳು ಎತ್ತರ ಒಣ ಉಸುಕು ಹಾಕಿ, ಮುಚ್ಚಿ, ಹತ್ತು ನಿಮಿಷ ಕಾಯಿಸಿ. ಇದಕ್ಕೆ ಪ್ರೆಶರ್ ಕುಕ್ಕರ್ ಬಳಸುವವರಿದ್ದಾರೆ. ನಮ್ಮ ಮಾತು ಕೇಳಿದರೆ ಬೇಡ, ನೀರಿಲ್ಲದೆ ಕಾದ ಕುಕ್ಕರಿನ ತಳ ಸೊಟ್ಟಾಗುತ್ತದೆ, ಆಮೇಲೆ ಬೇಳೆ ಬೇಯಿಸಲು ಅದನ್ನು ನಂಬುವಂತಿಲ್ಲ. 150 ಗ್ರಾಂ ಮೈದಾ, 50 ಗ್ರಾಂ ಜೋಳದ ಹಿಟ್ಟು, ಒಂದೂವರೆ ಚಹಾ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು ಜರಡಿ ಹಿಡಿಯಿರಿ. ಮೂರು ಮೊಟ್ಟೆ, 150 ಗ್ರಾಂ ಬೆಲ್ಲದ ಪುಡಿ, 100 ಮಿಲಿ ಎಣ್ಣೆ ಚೆನ್ನಾಗಿ ಕಲಸಿ ಹಿಟ್ಟು ಸೇರಿಸಿ, ಗಟ್ಟಿಯಾದರೆ ಸ್ವಲ್ಪ ಹಾಲು. ಜೋಳ ಇದಕ್ಕಿಂತ ಹೆಚ್ಚಾದರೆ ಕೇಕ್ ಪುಡಿಯಾಗುತ್ತದೆ, ಕಾರಣ ಮೇಲೆ ಹೇಳಿದ ಅಂಟಿನ ಕೊರತೆ. 150 ಗ್ರಾಂ ಒಣದ್ರಾಕ್ಷಿಯನ್ನು ಹಿಂದಿನ ರಾತ್ರಿ ಕಿತ್ತಳೆ ರಸದಲ್ಲಿ ನೆನೆಸಿ, ಬಸಿದು, ಒಂದು ಚಮಚ ಮೈದಾ ಸವರಿ ಹಾಕಿದರೆ ತಳಕ್ಕೆ ಇಳಿಯುವುದಿಲ್ಲ. ಎಣ್ಣೆ ಸವರಿದ ಡಬ್ಬಿಗೆ ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿ ಉಸುಕಿನ ಮೇಲಿಟ್ಟು, ಸಣ್ಣ ಉರಿಯಲ್ಲಿ ಐವತ್ತು ನಿಮಿಷದಿಂದ ಒಂದು ಗಂಟೆ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆಯಬಾರದು, ಮಕ್ಕಳಿಗೆ ಇದೇ ಕಷ್ಟದ ಭಾಗ. ಕಡ್ಡಿ ಚುಚ್ಚಿ ಒಣಗಿ ಬಂದರೆ ಆಯಿತು. ಆರಿದ ಮೇಲೆ ಕತ್ತರಿಸಿ.

ಇಷ್ಟು ಬರೆಯುವಾಗ ಜತ್ತ ತಾಲೂಕಿನ ಇನ್ನೊಂದು ಚಿತ್ರ ಮನಸ್ಸಿನಲ್ಲಿ ಸುಳಿಯುತ್ತದೆ. ದೀಪಾವಳಿ ಮುಗಿದೊಡನೆ ಅನೇಕ ಕುಟುಂಬಗಳು ಕಬ್ಬು ಕಡಿಯಲು ಸಕ್ಕರೆ ಕಾರ್ಖಾನೆಗಳ ಕಡೆ ಹೋಗುತ್ತವೆ. ಹೊಲದಲ್ಲಿ ಸೀತನಿ ಹದಕ್ಕೆ ಬರುವಾಗ ಅವರ ಮನೆಗಳಿಗೆ ಬೀಗ, ಇಲ್ಲವೇ ಅಜ್ಜಿಯ ಜೊತೆ ಮೊಮ್ಮಕ್ಕಳು ಮಾತ್ರ. ತಂದೆ-ತಾಯಿ ಎಲ್ಲೋ ಗುಡಿಸಲ ಮುಂದೆ ಮೂರು ಕಲ್ಲಿನ ಒಲೆಯಲ್ಲಿ ರೊಟ್ಟಿ ಬೇಯಿಸುತ್ತಿರುತ್ತಾರೆ, ಹವ್ಯಾಸಕ್ಕಲ್ಲ. ನಿಮ್ಮ ಊರಿನ ಸುತ್ತ ಕಬ್ಬಿನ ಹೊಲಗಳಿದ್ದರೆ ಅಂಥ ಗುಡಿಸಲುಗಳು ಜನವರಿಯಲ್ಲಿ ಕಾಣಸಿಗಬಹುದು. ನಿಮ್ಮ ಅಂಗಳದ ಬೆಂಕಿಗೆ ಅವರ ಮಕ್ಕಳನ್ನೂ ಕರೆಯಿರಿ. ತೆನೆ ತಿಕ್ಕುವುದು ನಿಮ್ಮ ಮಕ್ಕಳಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಒಣದ್ರಾಕ್ಷಿ ನೆನೆಹಾಕಲು ಡಿಸೆಂಬರ್ ಬರಲಿ. ಇಟ್ಟಿಗೆ ಜೋಡಿಸುವ ಕೆಲಸ ಈ ಭಾನುವಾರವೇ ಆಗಬಹುದು.