ಕಾವೇರಿಯೇ ಕಂದಕವಾದ ಕೋಟೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಗೆ ಸಮುದ್ರವಿಲ್ಲ. ಆದರೂ ಜಲವನ್ನೇ ಆಶ್ರಯಿಸಿ ನಿಂತ ದುರ್ಗವೊಂದನ್ನು ಕಾಣಬೇಕೆಂಬ ಅಭಿಲಾಷೆಯುಳ್ಳವರು ಅರಬ್ಬೀ ಕಡಲಿನವರೆಗೆ ಪಯಣಿಸಬೇಕಾಗಿಲ್ಲ. ಮದ್ದೂರು, ಮಂಡ್ಯಗಳಲ್ಲಿ ಬೆಳಗಿನ ರೈಲನ್ನು ಹಿಡಿದು ಸಂಜೆಯೊಳಗೆ ಮನೆ ಸೇರಬಹುದಾದಷ್ಟು ಸಮೀಪದಲ್ಲಿ, ಕಾವೇರಿಯು ಎರಡು ಕವಲಾಗಿ ಹರಿದು ಸಂಗಮದಲ್ಲಿ ಮತ್ತೆ ಒಂದುಗೂಡುವ ದ್ವೀಪದ ಪಶ್ಚಿಮಾಗ್ರದಲ್ಲಿ, ಶ್ರೀರಂಗಪಟ್ಟಣದ ಕೋಟೆಯಿದೆ. ಮಳವಳ್ಳಿಯವರು ಮಂಡ್ಯದವರೆಗೆ ಬಸ್ಸಿನಲ್ಲಿ ಬಂದರಾಯಿತು.

ಬಂದವರಲ್ಲಿ ಬಹುಮಂದಿ ರಂಗನಾಥನ ದರ್ಶನವನ್ನು ಮುಗಿಸಿ, 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಭಿತ್ತಿಚಿತ್ರಗಳನ್ನೂ ಟಿಪ್ಪು ಸುಲ್ತಾನನ ಗೋರಿಯಿರುವ ಗುಂಬಜನ್ನೂ ನೋಡಿ, ಗಂಜಾಮಿನ ನಿಮಿಷಾಂಬೆಗೆ ಕೈಮುಗಿದು ಹಿಂದಿರುಗುವರು. ಅವೆಲ್ಲವೂ ದರ್ಶನೀಯವೇ. ಆದರೆ ಈ ದುರ್ಗದ ಮರ್ಮವನ್ನು ಅರಿಯಬೇಕಾದರೆ ಹೊಳೆಯ ಕಡೆಯ ಗೋಡೆಯ ಮಗ್ಗುಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡು ರಾಜಧಾನಿಯನ್ನಾಗಿ ಮಾಡಿಕೊಂಡ ಈ ಸ್ಥಳಕ್ಕೆ, ಕಲ್ಲಿನ ಗೋಡೆಗಳಿಗಿಂತಲೂ ಮಿಗಿಲಾದ ರಕ್ಷಣೆಯನ್ನು ಕೊಟ್ಟದ್ದು ಮುಂಗಾರು. 1791ರ ಮೇ ತಿಂಗಳಿನಲ್ಲಿ, ಇಲ್ಲಿಂದ ಆಳುತ್ತಿದ್ದ ಟಿಪ್ಪುವಿನ ಮೇಲೆ ದಂಡೆತ್ತಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನು ಅರಕೆರೆಯವರೆಗೆ ಬಂದು ಕಾಳಗವನ್ನು ಗೆದ್ದರೂ, ಮಳೆ ಸುರಿದು, ಧಾನ್ಯವೂ ಮೇವೂ ತೀರಿ, ಹೊಳೆಯನ್ನು ದಾಟಲಾರದೆ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಮ್ಮೆಟ್ಟಬೇಕಾಯಿತು. ಎಂಟು ವರ್ಷಗಳ ತರುವಾಯ ಮುತ್ತಿಗೆ ಹಾಕಿದ ಬ್ರಿಟಿಷ್ ಸೇನಾಪತಿ ಹ್ಯಾರಿಸನ ಸೈನ್ಯವು ಅದೇ ಭಯದಿಂದ ತ್ವರೆಪಟ್ಟಿತು: ಕಾವೇರಿ ತುಂಬುವ ಮುನ್ನವೇ ಕೋಟೆ ಬೀಳಬೇಕು. 1799ರ ಮೇ 4ರ ಮಧ್ಯಾಹ್ನ, ನಡುಬೇಸಿಗೆಯಲ್ಲಿ ಬಂಡೆಗಳು ಮೇಲೆದ್ದಿದ್ದ ಪಾತ್ರವನ್ನು ದಾಟಿ, ವಾಯವ್ಯದ ಮೂಲೆಯಲ್ಲಿ ಫಿರಂಗಿಗಳು ತೆರೆದಿದ್ದ ಬಿರುಕಿನಿಂದ ಆ ಸೈನ್ಯವು ಒಳನುಗ್ಗಿತು. ಅಂದೇ ಟಿಪ್ಪು ಸುಲ್ತಾನನು ಹೋರಾಡುತ್ತ ಮಡಿದನು. ಒಂದು ವರ್ಷ ಕಾಪಾಡಿದ ಹೊಳೆಯೇ ಇನ್ನೊಂದು ವರ್ಷ ವೈರಿಗೆ ದಾರಿ ಬಿಟ್ಟುಕೊಟ್ಟಿತೆಂಬುದನ್ನು ಆ ಮೂಲೆಯಲ್ಲಿ ನಿಂತು ನೆನೆಯುವಾಗ ಮನಸ್ಸು ಭಾರವಾಗುತ್ತದೆ.

ಮುಂದೆ 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಲ್ಲುಕಂಬಗಳ ಮೇಲೆ ಕಲ್ಲುತೊಲೆಗಳನ್ನಿಟ್ಟು ಕಟ್ಟಿದ ವೆಲ್ಲೆಸ್ಲಿ ಸೇತುವೆಯನ್ನೂ ತಪ್ಪದೆ ನೋಡಬೇಕು. ಕೋಟೆಯೊಳಗೆ ರೈಲುಹಳಿಯೇ ಹಾಯ್ದಿದೆ. ಜೋಡಿಹಳಿಗಾಗಿ ಟಿಪ್ಪುವಿನ ಮದ್ದಿನಮನೆಯೊಂದನ್ನು ಕೆಡವದೆ, ಬುಡಸಮೇತ ಎತ್ತಿ, 2017ರಲ್ಲಿ ಅನತಿ ದೂರಕ್ಕೆ ಸಾಗಿಸಿ ಇಟ್ಟದ್ದು ಅಭಿನಂದನೀಯ ಕಾರ್ಯ. ಇತರ ಭಾಗಗಳಿಗೂ ಅಷ್ಟೇ ಶ್ರದ್ಧೆ ಸಲ್ಲಬೇಕು. ಪೊದೆ ಬೆಳೆದು ಬೇರುಗಳು ಸಂದಿಗೆ ಇಳಿದ ಗೋಡೆಯು ಶತ್ರುವಿಲ್ಲದೆಯೂ ಉರುಳುತ್ತದೆ.

ಇಂದು ಕಾವೇರಿಯ ಏರಿಳಿತವನ್ನು ಮುಂಗಾರಿನೊಡನೆ ಕನ್ನಂಬಾಡಿ ಕಟ್ಟೆಯ ಬಾಗಿಲುಗಳೂ ನಿರ್ಣಯಿಸುತ್ತವೆ. ಆ ಕಟ್ಟೆಯ ನೀರೇ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಬತ್ತಕ್ಕೂ ಕಬ್ಬಿಗೂ ಜೀವವಾಗಿದೆ. ಆದುದರಿಂದ ಈ ಸೀಮೆಯವರು ಕೋಟೆಯನ್ನು ಬೇಸಿಗೆಯಲ್ಲೊಮ್ಮೆ, ಹೊಳೆ ತುಂಬಿದಾಗ ಮತ್ತೊಮ್ಮೆ ನೋಡಲಿ. ನೀರಿಗೆ ಮಾತ್ರ ಇಳಿಯಬೇಡಿ; ಕಟ್ಟೆಯಿಂದ ನೀರು ಬಿಟ್ಟಾಗ ಪ್ರವಾಹವು ಬಹುಬೇಗ ಏರುತ್ತದೆ.