ಬಸ್ರಾಕ್ಕೆ ಹೋದ ಬೆಳಗಾವಿ ಬ್ರಿಗೇಡ್

ಮೊದಲ ಮಹಾಯುದ್ಧದಲ್ಲಿ ಇರಾಕಿಗೆ ನುಗ್ಗಿದ ಪುಣೆ ಡಿವಿಜನ್ ಊರ ಮೇಲೆ ಊರು ಗೆದ್ದಿತು. ಕೊನೆಗೆ ಅದನ್ನು ಸೋಲಿಸಿದ್ದು ಹಸಿವು. ಅದರ ಸಿಪಾಯಿಗಳ ಹೆಸರನ್ನು ನಮ್ಮ ಊರುಗಳಲ್ಲಿ ಈಗಲೂ ಹುಡುಕಬಹುದು.

2003ರಲ್ಲಿ ಅಮೆರಿಕ, ಬ್ರಿಟನ್ ಪಡೆಗಳು ಇರಾಕಿಗೆ ನುಗ್ಗಿದಾಗ ಬಸ್ರಾ, ಅಮಾರಾ, ಕೂತ್ ಎಂಬ ಹೆಸರುಗಳು ದಿನವೂ ಟಿ.ವಿ.ಯಲ್ಲಿ ಕೇಳಿಬರುತ್ತಿದ್ದವು. ಅದಕ್ಕೂ ಸುಮಾರು ತೊಂಬತ್ತು ವರ್ಷ ಮೊದಲು ಇವೇ ಊರುಗಳನ್ನು ಒಂದೊಂದಾಗಿ ಹಿಡಿದದ್ದು ಬ್ರಿಟಿಷ್ ಭಾರತದ 6ನೇ ಡಿವಿಜನ್, ಅಂದರೆ ಪುಣೆ ಡಿವಿಜನ್. ಅದರಲ್ಲಿ ಮೂರು ಬ್ರಿಗೇಡುಗಳಿದ್ದವು. 16ನೆಯದು ಪುಣೆಯದು, 17ನೆಯದು ಅಹಮದ್‌ನಗರದ್ದು, 18ನೆಯದು ಬೆಳಗಾವಿಯದು.

ಮೂರೂ ಬ್ರಿಗೇಡುಗಳಲ್ಲಿ ಒಂದೊಂದು ಮರಾಠಾ ಪಲ್ಟನ್ ಇತ್ತು. ಪುಣೆ ಬ್ರಿಗೇಡಿನಲ್ಲಿ 117ನೆಯದು, ಅಹಮದ್‌ನಗರದ್ದರಲ್ಲಿ 103ನೆಯದು, ಬೆಳಗಾವಿಯದರಲ್ಲಿ 110ನೆಯದು. ಕೊಂಕಣದಿಂದ ಕೃಷ್ಣೆಯ ದಡದವರೆಗೆ ಈ ಪಲ್ಟನ್‌ಗಳಿಗೆ ಭರ್ತಿ ನಡೆಯುತ್ತಿತ್ತು. ದೂಧಗಂಗಾ, ವೇದಗಂಗಾ, ಕೃಷ್ಣಾ ನದಿಗಳ ಬಯಲಿನ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆ ಇದೇ ವಲಯದ್ದು. ಪಕ್ಕದ ಶಿರೋಳ ತಾಲ್ಲೂಕಿನಲ್ಲಿ ಸೈನಿಕ ಟಾಕಳಿ ಎಂಬ ಊರಿದೆ. ಮನೆಮನೆಯಿಂದ ಸೈನ್ಯಕ್ಕೆ ಹೋಗುವ ರೂಢಿ ಆ ಊರಿನ ಹೆಸರಿಗೇ ಅಂಟಿಕೊಂಡಿದೆ.

ಎಣ್ಣೆಗಾಗಿ ಹೊರಟ ದಂಡು

ಪರ್ಷಿಯಾದ ಅಬಾದಾನ್‌ನಲ್ಲಿ ಬ್ರಿಟಿಷರ ಎಣ್ಣೆ ಶುದ್ಧೀಕರಣ ಕಾರ್ಖಾನೆಯಿತ್ತು. ಅವರ ಯುದ್ಧನೌಕೆಗಳು ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಹೊರಳುತ್ತಿದ್ದ ಕಾಲ ಅದು. ತುರ್ಕಿ ಜರ್ಮನಿಯ ಪಕ್ಷ ಸೇರಿದ್ದೇ ತಡ, ಈ ಎಣ್ಣೆಯ ಕಾವಲಿಗೆಂದು ಡಿವಿಜನ್ನಿನ ಮೊದಲ ತುಕಡಿ 1914ರ ನವೆಂಬರ್ 6ರಂದು ಫಾವ್ ಬಳಿ ಇಳಿಯಿತು. ನವೆಂಬರ್ 22ಕ್ಕೆ ಬಸ್ರಾ ಕೈಸೇರಿತು. ಟೈಗ್ರಿಸ್, ಯೂಫ್ರೆಟಿಸ್ ಕೂಡುವ ಕುರ್ನಾವನ್ನು ಡಿಸೆಂಬರ್ 9ರಂದು ಹಿಡಿದವರಲ್ಲಿ 110ನೇ ಪಲ್ಟನ್ ಇತ್ತು. ಮರುವರ್ಷ ಏಪ್ರಿಲ್‌ನಲ್ಲಿ ಬಸ್ರಾವನ್ನು ಮರಳಿ ಪಡೆಯಲು ಬಂದ ತುರ್ಕಿ ಸೈನ್ಯ ಶೈಬಾದಲ್ಲಿ ಮೂರು ದಿನ ಕಾದಾಡಿ ಹಿಮ್ಮೆಟ್ಟಿತು.

ಮರಳುಗಾಡು ಎಂದರೂ ಬೇಸಿಗೆಯ ಹೊಸ್ತಿಲಲ್ಲಿ ಅಲ್ಲಿ ನದಿಗಳಿಗೆ ಮಹಾಪೂರ ಬರುತ್ತದೆ. 1915ರ ಮೇ 31ರಂದು ಕುರ್ನಾದಾಚೆಯ ತುರ್ಕಿ ಠಾಣೆಗಳು ನೀರಿನ ನಡುವೆ ನಡುಗಡ್ಡೆಗಳಾಗಿದ್ದವು. 17ನೇ ಬ್ರಿಗೇಡಿನ ಸಿಪಾಯಿಗಳು ಅಲ್ಲಿನ ಉದ್ದನೆಯ ಕಿರುದೋಣಿಗಳನ್ನೇರಿದರು. ಕೆಲವು ದೋಣಿಗಳ ಮುಂದೆ ಗುಂಡು ತಡೆಯಲು ಕಬ್ಬಿಣದ ತಗಡು ಕಟ್ಟಲಾಗಿತ್ತು. ಆಪಿನ ನಡುವೆ ಗಳ ಊರಿ ದೋಣಿ ನೂಕುತ್ತಲೇ ಬಂದೂಕು ಹಾರಿಸಬೇಕಿತ್ತು. ಈ ವಿಚಿತ್ರ ದಾಳಿ ಗೆದ್ದಿತು. ಜೂನ್ 3ರಂದು ಅಮಾರಾ ಬಹುಮಟ್ಟಿಗೆ ಗುಂಡಿನ ಸದ್ದಿಲ್ಲದೇ ಶರಣಾಯಿತು.

ಸುಲಭದ ಗೆಲುವು ಮೇಲಿನವರ ಆಸೆ ಬೆಳೆಸಿತು. ಎಣ್ಣೆ ಕಾಯಲು ಹೋದವರಿಗೆ ಬಾಗ್ದಾದ್ ಕಾಣತೊಡಗಿತು. ಡಿವಿಜನ್ನಿನ ಮುಖ್ಯಸ್ಥ ಮೇಜರ್ ಜನರಲ್ ಟೌನ್‌ಷೆಂಡ್‌ಗೆ ಅನುಮಾನವಿತ್ತು. ಬಸ್ರಾದಿಂದ ದೂರ ಹೋದಷ್ಟೂ ರೇಷನ್ನು ತರುವ ದೋಣಿಗಳು ಸಾಲುತ್ತಿರಲಿಲ್ಲ. ಆದರೂ ಅವರ ಮೇಲಧಿಕಾರಿ ಜನರಲ್ ನಿಕ್ಸನ್ ಮುಂದೆ ನಡೆ ಎಂದರು. ಸೆಪ್ಟೆಂಬರ್ 28ರ ಕಾಳಗದಿಂದ ಕೂತ್ ಸಿಕ್ಕಿತು. ನವೆಂಬರ್ 22ರಂದು ಬಾಗ್ದಾದಿನ ಹೊರಗಿನ ಟೆಸಿಫಾನ್ ಬಳಿ ಡಿವಿಜನ್ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಸಾವು, ಗಾಯಗಳಿಗೆ ತೆತ್ತಿತು. ಗಾಯಾಳುಗಳನ್ನು ಸ್ಪ್ರಿಂಗ್ ಇಲ್ಲದ ಸಾಮಾನು ಗಾಡಿಗಳಲ್ಲಿ ಹೇರಿ ನದಿಯವರೆಗೆ ತಂದರು. ಮುರಿದ ಕಾಲು, ತೆರೆದ ಗಾಯ ಹೊತ್ತವರು ಆ ಗಾಡಿಗಳ ಕುಲುಕಾಟದಲ್ಲೇ ನರಳಿದರು.

ಆಕಾಶದಿಂದ ಬಿದ್ದ ಬೀಸುಕಲ್ಲು

ಹಿಂದಿರುಗಿದ ಡಿವಿಜನ್ ಕೂತ್ ಊರೊಳಗೆ ನಿಂತಿತು. ಡಿಸೆಂಬರ್ 7ಕ್ಕೆ ತುರ್ಕರು ಸುತ್ತುಗಟ್ಟಿದರು. ಐದು ತಿಂಗಳ ಆ ಮುತ್ತಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಹಿಟ್ಟಿನದಾಗಿತ್ತು. ಊರಲ್ಲಿ ಕಾಳಿನ ದಾಸ್ತಾನು ಸಿಕ್ಕಿತು, ಬೀಸಲು ಕಲ್ಲಿರಲಿಲ್ಲ. ವಿಮಾನಗಳು ಬೀಸುಕಲ್ಲುಗಳನ್ನು ತಂದು ಊರೊಳಗೆ ಉದುರಿಸಿದವು. ಏಪ್ರಿಲ್‌ನಲ್ಲಿ ಹಿಟ್ಟು, ಸಕ್ಕರೆ, ಉಪ್ಪಿನ ಚೀಲಗಳೂ ಆಕಾಶದಿಂದ ಬಂದವು. ಮುತ್ತಿಗೆಗೆ ಸಿಕ್ಕ ಸೈನ್ಯಕ್ಕೆ ವಿಮಾನದಿಂದ ಅನ್ನ ಹಾಕುವ ಪ್ರಯತ್ನಗಳಲ್ಲಿ ಇದು ಮೊದಮೊದಲಿನದು. ಸಾವಿರಾರು ಹೊಟ್ಟೆಗಳಿಗೆ ಅದು ಯಾವ ಮೂಲೆಗೂ ಸಾಲಲಿಲ್ಲ.

ಕುದುರೆ, ಹೇಸರಗತ್ತೆಗಳನ್ನು ಕಡಿದು ಹಂಚಿದಾಗ ಬ್ರಿಟಿಷ್ ಸೈನಿಕರು ತಿಂದರು. ಭಾರತೀಯರಲ್ಲಿ ಬಹುಪಾಲು ಜನ ತಿಂಗಳುಗಟ್ಟಲೆ ಮುಟ್ಟಲಿಲ್ಲ. ಊರಿಗೆ ಸುದ್ದಿ ಹೋದರೆ ಜಾತಿಯವರು ಏನೆಂದಾರು, ಮಗಳ ಮದುವೆ ಹೇಗಾದೀತು ಎಂಬ ಅಳುಕು ಹಸಿವಿಗಿಂತ ಬಲವಾಗಿತ್ತು. ಧರ್ಮಗುರುಗಳ ಅನುಮತಿ ತರಿಸಿದ ಮೇಲೂ ಹಿಂಜರಿಕೆ ಬೇಗ ಹೋಗಲಿಲ್ಲ. ತಾಜಾ ತರಕಾರಿ, ಮಾಂಸ ಎರಡೂ ಇಲ್ಲದೆ ವಸಡಿನಿಂದ ರಕ್ತ ಸೋರುವ ಸ್ಕರ್ವಿ ಭಾರತೀಯ ಸಿಪಾಯಿಗಳನ್ನು ಹಿಡಿಯಿತು. ಬ್ರಿಟಿಷರಿಗೆ ಬೆರಿಬೆರಿ ಬಂತು. ಬಿಡಿಸಲು ಬಂದ ಸೈನ್ಯ ಸುಮಾರು 23,000 ಸಾವುನೋವು ಕಂಡೂ ಒಳಗೆ ತಲುಪಲಿಲ್ಲ. 1916ರ ಏಪ್ರಿಲ್ 29ರಂದು ಬಿಳಿ ಬಾವುಟ ಏರಿತು. ಸಿಪಾಯಿಗಳು, ಜೊತೆಗಿದ್ದ ಕೆಲಸಗಾರರು ಸೇರಿ ಸುಮಾರು 13,000 ಜನ ಸೆರೆಯಾದರು. ಟೌನ್‌ಷೆಂಡ್ ಇಸ್ತಾಂಬುಲ್ ಹತ್ತಿರದ ದ್ವೀಪದ ಬಂಗಲೆಯಲ್ಲಿ ಆರಾಮಾಗಿ ಉಳಿದರು. ಸಿಪಾಯಿಗಳು ಮರಳುಗಾಡಿನಲ್ಲಿ ನಡೆದರು. ಅನೇಕರು ರಾಸ್ ಅಲ್ ಐನ್‌ನಲ್ಲಿ ರೈಲು ಹಳಿ ಹಾಕುವ ಕೆಲಸಕ್ಕೆ ಬಿದ್ದರು. ಸಾವಿರಾರು ಜನ ಮರಳಲಿಲ್ಲ.

ಸೋಲಿನ ಲೆಕ್ಕ

ಕೂತ್ ಶರಣಾಗುವ ಹಿಂದಿನ ದಿನ, ಏಪ್ರಿಲ್ 28ರಂದು, ಬೆಳಗಾವಿಯಲ್ಲಿ ಸೇರಿದ್ದ ಪ್ರಾಂತೀಯ ಪರಿಷತ್ತಿನಲ್ಲಿ ಲೋಕಮಾನ್ಯ ಟಿಳಕರ ಹೋಂ ರೂಲ್ ಲೀಗ್ ಹುಟ್ಟಿತು. ಎರಡೂ ಒಂದೇ ವಾರದಲ್ಲಿ ನಡೆದದ್ದು ಆಕಸ್ಮಿಕ. ಮುಂದೆ ನಡೆದದ್ದು ಹಾಗಲ್ಲ. ದೋಣಿ, ಔಷಧ, ಗಾಡಿಗಳ ಕೊರತೆಯನ್ನು ಈ ಸೋಲಿನ ವಿಚಾರಣೆ ನಡೆಸಿದ ಮೆಸೊಪೊಟೇಮಿಯಾ (ಇರಾಕ್) ಆಯೋಗ ಬಯಲಿಗೆಳೆಯಿತು. 1917ರ ಜುಲೈನಲ್ಲಿ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು. ಆ ಜಾಗಕ್ಕೆ ಬಂದ ಮಾಂಟೆಗ್ಯು ಆಗಸ್ಟ್ 20ರಂದು ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವ ಘೋಷಣೆ ಹೊರಡಿಸಿದರು. ಸ್ವರಾಜ್ಯದ ಒತ್ತಡ ಮೊದಲೇ ಇತ್ತು. ಆದರೆ ಆ ಕುರ್ಚಿ ತೆರವಾದದ್ದು ಇರಾಕಿನಲ್ಲಿ ಹಸಿದವರ, ಸತ್ತವರ ಲೆಕ್ಕದಿಂದ.

ಮರಾಠಾ ಪಲ್ಟನ್‌ಗಳೂ ಅಲ್ಲಿಗೇ ಮುಗಿಯಲಿಲ್ಲ. ಕೂತ್‌ನಲ್ಲಿ ಸೆರೆಯಾದ ಪಲ್ಟನ್‌ಗಳನ್ನು ಹೊಸ ಭರ್ತಿಯಿಂದ ಮತ್ತೆ ಕಟ್ಟಿದರು. 117ನೆಯದಕ್ಕೆ ‘ರಾಯಲ್’ ಬಿರುದು ಬಂತು. 1918ರಲ್ಲಿ ಇರಾಕಿನ ಶರ್ಕಾತ್‌ನಲ್ಲಿ ಹೋರಾಡಿದ 114ನೇ ಪಲ್ಟನ್ 1922ರಲ್ಲಿ ತರಬೇತಿ ಬೆಟಾಲಿಯನ್ ಆಗಿ ಬೆಳಗಾವಿಯಲ್ಲಿ ನೆಲೆಯೂರಿತು. ಇಂದಿನ ಮರಾಠಾ ಲಘು ಪದಾತಿ ದಳದ ಕೇಂದ್ರದ ಬೇರು ಅದೇ.

ಹೆಸರು ಹುಡುಕುವುದು ಹೇಗೆ

ಬಸ್ರಾ ಸ್ಮಾರಕದಲ್ಲಿ ಸಮಾಧಿ ಸಿಗದ ನಲವತ್ತು ಸಾವಿರಕ್ಕೂ ಹೆಚ್ಚು ಯೋಧರ ನೆನಪಿದೆ. ಬ್ರಿಟಿಷ್ ಸಿಪಾಯಿಗಳಿಗೂ ಭಾರತೀಯ ಅಧಿಕಾರಿಗಳಿಗೂ ಅಲ್ಲಿ ಹೆಸರುಂಟು. ಭಾರತದ ಸಾಮಾನ್ಯ ಸಿಪಾಯಿ ಮಾತ್ರ ತನ್ನ ಪಲ್ಟನ್ನಿನ ಕೆಳಗೆ ಕೆತ್ತಿದ ಒಂದು ಸಂಖ್ಯೆಯೊಳಗೆ ಸೇರಿಹೋದ. ಕಲ್ಲಿನ ಮೇಲೆ ಇಲ್ಲದ್ದು ಕಾಗದದಲ್ಲಿದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಅನೇಕ ಸಿಪಾಯಿಗಳ ಹೆಸರಿನ ಜೊತೆಗೆ ತಂದೆಯ ಹೆಸರು, ಊರು, ತಾಲ್ಲೂಕು, ಜಿಲ್ಲೆಯೂ ಸಿಗುತ್ತವೆ.

ಹುಡುಕುವವರು ಹಳೆಯ ಆಡಳಿತವನ್ನು ನೆನಪಿಡಬೇಕು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ನಿಪ್ಪಾಣಿ, ಕಾಗವಾಡ ಇತ್ತೀಚೆಗೆ ತಾಲ್ಲೂಕಾದವು, ಹಾಗಾಗಿ ಚಿಕ್ಕೋಡಿ, ಅಥಣಿ ಹೆಸರಿನಲ್ಲೂ ನೋಡಬೇಕು. ಇಂಗ್ಲಿಷ್ ಕಾಗುಣಿತವೂ ಅಂದಿನದೇ ಆಗಿರಬೇಕು. ಅನೇಕ ಊರುಗಳಲ್ಲಿ ನಿವೃತ್ತ ಸೈನಿಕರಿದ್ದಾರೆ, ಹೈಸ್ಕೂಲಿದೆ, ಗ್ರಾಮ ಪಂಚಾಯಿತಿಯಿದೆ. ಅವರೆಲ್ಲ ಕೂತು ತಮ್ಮೂರಿನ ಪಟ್ಟಿ ಮಾಡಿ ಪಂಚಾಯಿತಿ ಗೋಡೆಗೆ ಬರೆಸಿದರೆ, ಬಸ್ರಾದಲ್ಲಿ ಅಂಕಿಯಾಗಿ ಉಳಿದವರಿಗೆ ಹುಟ್ಟಿದೂರಿನಲ್ಲಾದರೂ ಹೆಸರು ಸಿಕ್ಕೀತು.